ರೇಡಿಯೋ ಕಂಬದ ಮೇಲಿನ ಹಸಿರು ಹಾರ

ವೆಡ್ಡಿಂಗ್, ಬರ್ಲಿನ್
22 ಆಗಸ್ಟ್ 1948

ಅಪ್ಪನಿಗೆ,

ಜುಲೈ ತಿಂಗಳ ಜಗಳದ ನಂತರ ನಾನು ಬರೆಯುತ್ತಿರುವ ಮೊದಲ ಕಾಗದ ಇದು. ಹುಲ್ಡಾ ಅತ್ತೆ ನಿಮ್ಮ ಪಾಂಕೋಗೆ ಇಸ್ತ್ರಿ ಕೆಲಸಕ್ಕೆ ಬರುತ್ತಾಳಲ್ಲ, ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ. "ಅಪ್ಪ ಮಗಳ ಮಧ್ಯೆ ನಾನೇನು ಅಂಚೆಯವಳಾ?" ಎಂದು ಗೊಣಗಿದಳು. ಹಾಗೆ ಗೊಣಗುವ ಮುಂಚೆಯೇ ಕೈಚೀಲದ ಒಳಜೇಬನ್ನು ಖಾಲಿ ಮಾಡಿ ಇಟ್ಟಿದ್ದಳು.

ನೀನು ಕಳಿಸಿದ ಪಡಿತರ ಕಾರ್ಡು ಇದರ ಜೊತೆಗಿದೆ. ವಾಪಸು ತೆಗೆದುಕೋ. ನನ್ನನ್ನು ಒಂದು ಮಾತೂ ಕೇಳದೆ ನನ್ನ ಹೆಸರನ್ನು ರಷ್ಯನ್ನರ ಕಡೆಯ ಅಂಗಡಿಯಲ್ಲಿ ಬರೆಸಿದ್ದೀಯ. ಅಲ್ಲಿ ಆಲೂಗಡ್ಡೆ ಇದೆ, ಕಲ್ಲಿದ್ದಲು ಇದೆ, ಹಾಲೂ ಇದೆ. ಇದೆ ಎಂದು ನನಗೂ ಗೊತ್ತು. ರಸ್ತೆ ಮುಚ್ಚಿ, ರೈಲು ನಿಲ್ಲಿಸಿ, ನದಿಯ ದೋಣಿಗಳನ್ನೂ ತಡೆದು, ಇಪ್ಪತ್ತು ಲಕ್ಷ ಜನರ ಒಲೆ ಆರಿಸಿದ ಮೇಲೆ "ಬನ್ನಿ, ನಮ್ಮಲ್ಲಿ ಊಟವಿದೆ" ಎಂದು ಕರೆಯುವವರ ಮೇಜಿಗೆ ನಾನು ಕೂರುವುದಿಲ್ಲ. ಇಲ್ಲಿ ಒಣಗಿಸಿದ ಆಲೂಗಡ್ಡೆಯ ಚೂರು ಸಿಗುತ್ತದೆ. ಕುದಿಸಿದರೆ ಗೋಡೆಗೆ ಹಚ್ಚುವ ಅಂಟಿನ ಹಾಗೆ ಆಗುತ್ತದೆ. ಅದನ್ನೇ ತಿನ್ನುತ್ತೇನೆ.

ನನಗೆ ಕೆಲಸ ಸಿಕ್ಕಿದೆ. ತೇಗೆಲ್ ಕಾಡಿನ ಅಂಚಿನಲ್ಲಿ ನಮಗೆ ಹಿಟ್ಟು ತರುವ ಅಮೆರಿಕದ ವಿಮಾನಗಳು ಇಳಿಯಲು ಹೊಸ ನೆಲ ಹಾಕುತ್ತಿದ್ದಾರೆ. ಬಾಂಬಿಗೆ ಬಿದ್ದ ಮನೆಗಳ ಇಟ್ಟಿಗೆ ಒಡೆದು, ಹಾಸಿ, ರೋಲರ್ ಹೊಡೆಯುವುದು. ಹೆಂಗಸರೇ ಹೆಚ್ಚು. ಪಾಳಿಗೊಂದು ಬಿಸಿ ಊಟ ಕೊಡುತ್ತಾರೆ.

ಅಲ್ಲಿಂದ ನೀನು ಕಾಯುವ ರಷ್ಯನ್ನರ ರೇಡಿಯೋ ಕಂಬ ಕಾಣುತ್ತದೆ. ಮೊನ್ನೆ ಮಧ್ಯಾಹ್ನ ಯಾರೋ ಅದನ್ನು ಹತ್ತುತ್ತಿದ್ದರು. ಪ್ರತಿ ಮೆಟ್ಟಿಲಿಗೂ ಬಲಗಾಲನ್ನೇ ಮೊದಲು ಇಟ್ಟು ಎಡಗಾಲನ್ನು ಎಳೆದುಕೊಳ್ಳುವುದು ನೋಡಿ ನೀನೇ ಎಂದು ತಿಳಿಯಿತು. ನಾವು ಒಂದು ಕೂಗಳತೆ ದೂರದಲ್ಲಿ ದುಡಿಯುತ್ತಿದ್ದೇವೆ ಅಪ್ಪ. "ಕಾರ್ಡು ಒಪ್ಪಿಕೊಳ್ಳದೆ ನನ್ನ ಕಣ್ಣಿಗೆ ಬೀಳಬೇಡ" ಎಂದು ನೀನು ಹೇಳಿದ್ದೆ. ಬಿದ್ದಿಲ್ಲ. ನೀನೇ ನನ್ನ ಕಣ್ಣಿಗೆ ಬಿದ್ದೆ.

ಇಲ್ಜೆ

*

ಪಾಂಕೋ
29 ಆಗಸ್ಟ್ 1948

ಇಲ್ಜೆಗೆ,

ಕಾರ್ಡು ಬಂತು. ನಿನ್ನ ಹಟ ನಿನ್ನ ಅಮ್ಮನದು ಎಂದು ಹೇಳೋಣವೆಂದಿದ್ದೆ. "ಸುಳ್ಳು ಹೇಳಬೇಡ, ಅದು ಅಚ್ಚು ನಿಂದೇ" ಎಂದು ಹುಲ್ಡಾ ಬಾಯಿ ಮುಚ್ಚಿಸಿದಳು.

ಒಲೆ ಆರಿಸಿದವರು ಯಾರು ಎಂದು ಬರೆದಿದ್ದೀಯ. ಒಂದೇ ಊರಿನಲ್ಲಿ ತಮ್ಮದೇ ಬೇರೆ ನೋಟು ಮೊದಲು ತಂದವರು ಯಾರು, ಅದನ್ನೂ ಬರೆ. ಮೂರು ವರ್ಷದ ಹಿಂದೆ ಎಲ್ಬ್ ನದಿಯ ದಡದಲ್ಲಿ ಎರಡೂ ಕಡೆಯ ಸೈನಿಕರು ತಬ್ಬಿಕೊಂಡು ಕುಣಿದರು. ಅವರ ಬಟ್ಟೆಯ ನೀರು ಆರುವಷ್ಟರಲ್ಲಿ ಅಮೆರಿಕದವರಿಗೆ ನಾಜಿಗಳ ಹಳೆಯ ಸಾಹುಕಾರರು ಬೇಕಾದರು, ಕಮ್ಯುನಿಸ್ಟರಾದ ನಾವು ಬೇಡವಾದೆವು. ನಾನು ಪೇಪರ್ ಓದಿ ಹೇಳುತ್ತಿಲ್ಲ. ಆ ಸಾಹುಕಾರರ ಕಾಲದಲ್ಲೇ ನಾನು ಒಂಬತ್ತು ವರ್ಷ ಸೆರೆಶಿಬಿರದಲ್ಲಿ ಕಲ್ಲು ಹೊತ್ತವನು. ಎಡ ಮಂಡಿ ಅಲ್ಲೇ ಹೋಯಿತು. ನನ್ನ ಕೊಟ್ಟಡಿಯ ಬಾಗಿಲು ತೆರೆದವನು ಟೋಪಿಯಲ್ಲಿ ಕೆಂಪು ನಕ್ಷತ್ರವಿದ್ದ ಒಬ್ಬ ಹುಡುಗ. ನನ್ನನ್ನು ನೋಡಿ ಅವನೇ ಅತ್ತ. ತನ್ನ ರೊಟ್ಟಿ ಮುರಿದು ಬಾಯಿಗಿಟ್ಟ. ಆ ರೊಟ್ಟಿಯನ್ನು ಮರೆತು ನಾನು ಮನುಷ್ಯನಾಗಿರಲಾರೆ.

ನಿನ್ನ ವಿಮಾನಗಳ ವಿಷಯ. ಐದು ವರ್ಷದ ಹಿಂದೆ ಇದೇ ಆಕಾಶ, ಇದೇ ಸದ್ದು. ಆಗ ನಿನ್ನ ಅಮ್ಮನ ಮೇಲೆ ಏನು ಬಿತ್ತು? ಈಗ ಹಿಟ್ಟು ಸಕ್ಕರೆ ತರುತ್ತಿವೆಯಂತೆ. ಅವಳು ಸತ್ತ ಮನೆಯ ಇಟ್ಟಿಗೆಯನ್ನೇ ಒಡೆದು ನೀನು ಅವುಗಳಿಗೆ ನೆಲ ಹಾಸುತ್ತಿದ್ದೀಯ.

ಕಂಬದ ತುದಿಯ ಕೆಂಪು ದೀಪ ಮೊನ್ನೆ ಸುಟ್ಟುಹೋಗಿತ್ತು. ನೀನು ನೋಡಿದ್ದು ಅದನ್ನು ಬದಲಾಯಿಸಲು ಹತ್ತಿದಾಗ. ದೀಪ ಇಲ್ಲದಿದ್ದರೆ ಮಂಜಿನಲ್ಲಿ ನಿನ್ನ ಪೈಲಟ್ ಹುಡುಗರು ನನ್ನ ಕಂಬಕ್ಕೇ ಬಂದು ಗುದ್ದುತ್ತಾರೆ. ದೀಪ ಹಚ್ಚಿದ್ದು ಅವರ ತಾಯಂದಿರಿಗಾಗಿ. ಅವರ ಸೇನಾಪತಿಗಳಿಗಾಗಿ ಅಲ್ಲ.

ಅಪ್ಪ

*

ವೆಡ್ಡಿಂಗ್
10 ಅಕ್ಟೋಬರ್ 1948

ಅಪ್ಪನಿಗೆ,

ಅಮ್ಮನ ಬಗ್ಗೆ ನೀನು ಬರೆದದ್ದನ್ನು ಓದಿ ಕೋಪ ಬಂತು. ಇಷ್ಟು ದಿನ ಬರೆಯದಿದ್ದದ್ದು ಅದಕ್ಕೇ. ಆ ಇಟ್ಟಿಗೆ ಒಡೆಯುವಾಗ ನನಗೆ ಅಮ್ಮನ ನೆನಪಾಗುವುದಿಲ್ಲ ಎಂದುಕೊಂಡೆಯಾ? ಅವಳ ಮನೆ ಗುಡ್ಡೆಯಾಗಿ ಹುಲ್ಲು ಬೆಳೆಸಿಕೊಂಡು ಬಿದ್ದಿರುವುದಕ್ಕಿಂತ ಯಾರದೋ ಮಗುವಿನ ಹಾಲಿನ ಪುಡಿ ಇಳಿಯುವ ನೆಲವಾಗಲಿ. ಅಮ್ಮ ಇದ್ದಿದ್ದರೆ ಅವಳೂ ಇದನ್ನೇ ಹೇಳುತ್ತಿದ್ದಳು.

ಈಗ ಒಂದು ಕೋರಿಕೆ. ನಗಬೇಡ. ಕೆಲಸ ಮುಗಿಯುತ್ತಾ ಬಂದಿದೆ. ಮನೆ ಕಟ್ಟಿ ತೊಲೆ ಏರಿಸಿದ ದಿನ ಕೆಲಸಗಾರರು ತುದಿಗೆ ಹಸಿರು ಹಾರ ಕಟ್ಟುತ್ತಾರಲ್ಲ, ನಮ್ಮ ಪಾಳಿಯ ಹೆಂಗಸರಿಗೂ ಅದು ಬೇಕಂತೆ. ನಮ್ಮ ಮುಂದಾಳು ಮಾರ್ಗೋಟ್ ಜೀಲ್ಕೆ ಹಿಂದೆ ಟ್ರಾಮ್ ಕಂಡಕ್ಟರ್ ಆಗಿದ್ದವಳು. ಅವಳ ಗಂಟಲು ನಿನಗೂ ಕೇಳಿಸಿರಬೇಕು. ಊಟದ ಹೊತ್ತಿನಲ್ಲಿ ಅವಳೇ ತೆಗೆದಳು ಮಾತು.

"ಹಾರ ಕಟ್ಟೋಣ ಸರಿ. ನೇತು ಹಾಕೋದು ಎಲ್ಲಿ? ನಾವು ಕಟ್ಟಿದ್ದು ನೆಲ. ನೆಲಕ್ಕೆ ಸೂರು ಎಲ್ಲಿಂದ ಬರ್ಬೇಕು?"

"ರೋಲರ್ ಕೊರಳಿಗೆ ಹಾಕಿ."

"ಮೇಸ್ತ್ರಿ ಕೊರಳಿಗೆ ಹಾಕಿ, ಅವನೂ ಅಷ್ಟೇ ದಪ್ಪ ಇದಾನೆ."

ಆಗ ಯಾರೋ ನಿನ್ನ ಕಂಬದ ಕಡೆ ಕೈ ತೋರಿಸಿದರು. ಸುತ್ತಮುತ್ತ ಎತ್ತರವಾದದ್ದು ಅದೊಂದೇ. "ಅದು ಕೆಂಪರ ಕಂಬ ಕಣೇ!" "ಕೆಂಪಾದ್ರೇನು, ನೀಲಿಯಾದ್ರೇನು, ಎತ್ತರ ಇದೆಯಲ್ಲ." ನನ್ನ ಮುಖ ಕೆಂಪಾದದ್ದು ಮಾರ್ಗೋಟ್ ನೋಡಿಬಿಟ್ಟಳು. ಕಂಬದ ಕಾವಲುಗಾರ ನನ್ನ ಅಪ್ಪ ಎಂದು ಒಪ್ಪಿಕೊಳ್ಳಬೇಕಾಯಿತು. "ಹಾಗಾದ್ರೆ ಕೇಳು. ಹಾರಕ್ಕೆ ಜಾಗ ಕೊಡದ ಜಿಪುಣನ ಮನೆ ಮೇಲೆ ಕೆಲಸದವರು ಪೊರಕೆ ಕಟ್ತಾರೆ ಅಂತಾನೂ ನೆನಪಿಸು" ಎಂದಳು.

ಕೇಳಿದ್ದೇನೆ. ಆಗದು ಎಂದರೆ ಬೇಡ.

ಇನ್ನೊಂದು ವಿಷಯ. ಕಾರ್ಡು ಏಕೆ ಬೇಡ ಎಂದು ಜುಲೈ‌ನಲ್ಲಿ ನೀನು ಮೇಜು ಗುದ್ದಿ ಕೇಳಿದೆ. ನನ್ನ ಬಾಯಿ ಕಟ್ಟಿಹೋಯಿತು. ಎದುರಿಗೆ ನಿಂತರೆ ಈಗಲೂ ಹೇಳಲಾರೆ. ಆ ಹುಡುಗ ನಿನ್ನ ಬಾಗಿಲು ತೆರೆದ ವಾರವೇ, ಅದೇ ಟೋಪಿಯವರು ನಮ್ಮ ಬೀದಿಯ ನೆಲಮಾಳಿಗೆಗಳ ಬಾಗಿಲನ್ನೂ ತೆರೆದರು. ಟಾರ್ಚ್ ಹಿಡಿದು ಹೆಂಗಸರ ಮುಖ ನೋಡುತ್ತಾ ಬಂದರು. ಅತ್ತೆ ನನ್ನನ್ನು ಕಲ್ಲಿದ್ದಲ ಪೆಟ್ಟಿಗೆಯ ಹಿಂದೆ ತಳ್ಳಿ, ಮೇಲೆ ಗೋಣಿ ಎಳೆದು, ತಾನೇ ಎದ್ದು ಮುಂದೆ ಹೋದಳು. ತಿರುಗಿ ಬಂದ ಮೇಲೆ ತಲೆ ಬಾಚಿಕೊಂಡು ನೀರು ಕಾಯಿಸಿದಳು. ಕೆಲವು ವಾರ ಕಳೆದು ನೀನು ಬಂದೆ, ಅವರನ್ನು ಹೊಗಳಿದೆ. ಅವಳು "ಹೌದೋ ತಮ್ಮಾ" ಎಂದಳು.

ನಿನ್ನ ರೊಟ್ಟಿಯೂ ನಿಜ. ನಮ್ಮ ನೆಲಮಾಳಿಗೆಯೂ ನಿಜ. ಇಷ್ಟೇ.

ಇಲ್ಜೆ

*

ಪಾಂಕೋ
18 ಅಕ್ಟೋಬರ್ 1948

ಇಲ್ಜೆಗೆ,

ಕಾಗದವನ್ನು ಲಾಂಡ್ರಿಯ ಹಿಂದಿನ ಅಂಗಳದಲ್ಲಿ ನಿಂತು ಓದಿದೆ. ಹುಲ್ಡಾ ಒಗೆದ ಹಾಸುಬಟ್ಟೆ ಮಡಿಸುತ್ತಿದ್ದಳು.

"ಏನಂತೆ?" ಎಂದಳು.

"ಏನಿಲ್ಲ. ಹಾರದ ವಿಷಯ."

"ಹಾರದ ವಿಷಯಕ್ಕೆ ಯಾಕೋ ಗೋಡೆ ಹಿಡ್ಕೊಂಡಿದೀಯ?"

ಅವಳ ಕೈಯಿಂದ ಹಾಸುಬಟ್ಟೆಯ ಇನ್ನೊಂದು ತುದಿ ತೆಗೆದುಕೊಂಡೆ. ಬುಟ್ಟಿ ಮುಗಿಯುವವರೆಗೆ ಇಬ್ಬರೂ ಸೇರಿ ಮಡಿಸಿದೆವು.

ಹಾರ ಕಟ್ಟಿ. ಪೈನ್ ಕೊಂಬೆ ಬೇಡ, ಫರ್ ಕೊಂಬೆ ತೆಗೆದುಕೊಳ್ಳಿ, ಗಾಳಿಗೆ ಉದುರುವುದಿಲ್ಲ. ಒಳಗೆ ಕಬ್ಬಿಣದ ಬಳೆ ಇರಲಿ. ತುಂಬಾ ಭಾರ ಮಾಡಬೇಡಿ, ಬೆನ್ನಿಗೆ ಕಟ್ಟಿಕೊಂಡು ಹತ್ತಬೇಕು. ಕಂಬದ ಬೇಲಿಯ ಉತ್ತರದ ಮೂಲೆಗೆ ತಂದು ಕೊಡು.

ಅಪ್ಪ

*

ವೆಡ್ಡಿಂಗ್
6 ನವೆಂಬರ್ 1948

ಅಪ್ಪನಿಗೆ,

ನಿನ್ನೆ ಬೇಲಿಯ ಹತ್ತಿರ ನನಗೆ ಮಾತೇ ಬರಲಿಲ್ಲ. ಬರುವಾಗ ಏನೇನೋ ಯೋಚಿಸಿಕೊಂಡು ಬಂದಿದ್ದೆ. ನೀನು ಹಾರವನ್ನು ತಿರುಗಿಸಿ ನೋಡಿ "ಇದೇನು, ಹಾರವಾ ಲಾರಿ ಚಕ್ರವಾ?" ಎಂದಾಗ ನಗು ಬಂತು. ಆಮೇಲೆ ನಿನ್ನ ತಲೆಯ ಕೂದಲು ಪೂರ್ತಿ ಬೆಳ್ಳಗಾಗಿರುವುದು ಕಂಡಿತು. ನಗು ನಿಂತುಹೋಯಿತು. ನಾನು ತಿರುಗಿ ಓಡಿದ್ದಕ್ಕೆ ತಪ್ಪು ತಿಳಿಯಬೇಡ.

ನೀನು ಹತ್ತುವುದನ್ನು ನಮ್ಮ ಪಾಳಿ ಇಡೀ ನಿಂತು ನೋಡಿತು. ಅರ್ಧ ದಾರಿಯಲ್ಲಿ ನೀನು ನಿಂತೆ. "ಸುಸ್ತಾಯ್ತು ಪಾಪ" ಎಂದರು ಯಾರೋ. "ಸುಸ್ತಲ್ಲ, ನಮ್ಮ ಕೆಲಸ ಎಷ್ಟು ನೆಟ್ಟಗಿದೆ ಅಂತ ಮೇಲಿಂದ ಅಳೀತಿದಾನೆ" ಎಂದಳು ಮಾರ್ಗೋಟ್. ನೀನು ತುದಿ ಮುಟ್ಟಿ ಹಾರ ಬಿಗಿದಾಗ ಹಿಟ್ಟಿನ ಚೀಲ ಹರಿದು ನಾವು ಮಾಡಿದ್ದ ಪಟ್ಟಿಗಳು ಗಾಳಿಗೆ ಬಿಚ್ಚಿಕೊಂಡವು. ಮಾರ್ಗೋಟ್ ತನ್ನ ಟ್ರಾಮ್ ಗಂಟಲಿನಲ್ಲಿ ಹಳೆಯ ಕ್ರಮದಂತೆ ಕೂಗಿದಳು, "ಕಟ್ಟಿದ ಕೈಗೆ ಅನ್ನ ಇರಲಿ, ಕೆಡವೋ ಕೈ ಒಣಗಿ ಹೋಗಲಿ!" ಸ್ವಲ್ಪ ಹೊತ್ತಿಗೆ ಮೊದಲನೆಯ ವಿಮಾನ ಇಳಿಯಿತು. ನಮ್ಮ ಇಟ್ಟಿಗೆ ಒಂದೂ ಅಲುಗಲಿಲ್ಲ.

ಪೇಪರಿನವನೊಬ್ಬ ಬಂದು ಹಾರ, ವಿಮಾನ ಎರಡೂ ಸೇರುವ ಹಾಗೆ ನೆಲದ ಮೇಲೆ ಮಲಗಿ ಚಿತ್ರ ತೆಗೆದ. ಕಂಬ ಹತ್ತಿದವರು ಯಾರು ಎಂದು ಕೇಳಿದ. ನಾನು ಹೇಳಲಿಲ್ಲ. ಸಂತೋಷದಲ್ಲಿದ್ದವರು ಬೇರೆ ಯಾರೋ ಹೇಳಿದರು.

ಇಲ್ಜೆ

*

ಪಾಂಕೋ
28 ನವೆಂಬರ್ 1948

ಇಲ್ಜೆಗೆ,

ಆ ಚಿತ್ರ ನೋಡಿದೆ. ನಿಮ್ಮ ಕಡೆಯ ಪೇಪರಿನಲ್ಲಿ ಅದರ ಕೆಳಗೆ "ಅಮೆರಿಕದ ರೆಕ್ಕೆಗೆ ಕೆಂಪರ ಕಂಬದ ಹಾರ" ಎಂದಿದೆ. ನನ್ನ ಹೆಸರೂ ಇದೆ. ನಮ್ಮ ಕಡೆಯ ಪೇಪರಿನಲ್ಲಿ ಚಿತ್ರವಿಲ್ಲ, ಹೆಸರು ಮಾತ್ರ ಇದೆ, ಪಕ್ಕದಲ್ಲಿ "ದ್ರೋಹಿ" ಎಂದಿದೆ. ಇಬ್ಬರೂ ಸೇರಿ ನನ್ನನ್ನು ದೊಡ್ಡ ಮನುಷ್ಯನನ್ನಾಗಿ ಮಾಡಿದ್ದಾರೆ.

ತಪ್ಪು ನಮ್ಮದೇ. ಹಾರವನ್ನು ಕಟ್ಟಿದವರು ತಮ್ಮ ಕಟ್ಟಡಕ್ಕೆ ಏರಿಸಬೇಕು. ಒಬ್ಬರ ಹಾರ ಇನ್ನೊಬ್ಬರ ಕಂಬಕ್ಕೆ ಏರಿತು, ನೋಡಿದವರು ತಮಗೆ ಬೇಕಾದ ಅರ್ಥ ಮಾಡಿಕೊಂಡರು. ಆದರೂ ಅದನ್ನು ಬಿಚ್ಚಿಲ್ಲ.

ಪಕ್ಷದ ಸಮಿತಿ ಕರೆಸಿತು. ಮುಂದೆ ಕೂತಿದ್ದವನು ಕಾಮ್ರೇಡ್ ನಾಟ್ಕೆ. ನಿನಗಿಂತ ಐದಾರು ವರ್ಷ ದೊಡ್ಡವನಿರಬಹುದು. ಹೇಳಿಕೆ ಬರೆದೇ ಇಟ್ಟಿದ್ದ. ಮಗಳು ಶತ್ರುಗಳ ಕೈಗೊಂಬೆ, ಅವಳು ನನಗೆ ಮೋಸ ಮಾಡಿ ಹಾರ ಕಟ್ಟಿಸಿದಳು, ಇನ್ನು ಅವಳಿಗೂ ನನಗೂ ಸಂಬಂಧವಿಲ್ಲ.

"ಸಹಿ ಹಾಕಿ ಕಾಮ್ರೇಡ್ ಪಾಶ್ಕೆ. ಎಲ್ಲಾ ಮುಗಿದುಹೋಗುತ್ತೆ."

"ಹಾರ ಕಟ್ಟಿದ್ದು ದುಡಿಯೋ ಹೆಂಗಸರು. ದುಡಿಮೆಗೆ ಮರ್ಯಾದೆ ಕೊಡು ಅಂತ ನನಗೆ ಕಲಿಸಿದ್ದು ಇದೇ ಪಕ್ಷ."

"ಇದು ವರ್ಗ ಹೋರಾಟ. ಮಗಳು ಅಂತ ನೋಡೋಕಾಗಲ್ಲ."

"ಮೂವತ್ತಾರನೇ ಇಸವಿಯಲ್ಲಿ ನೀನು ಎಲ್ಲಿದ್ದೆಯಪ್ಪ?"

ಹಿಂದಿನಿಂದ ಯಾರೋ ಕೆಮ್ಮಿದರು.

"ನಾನು ಹೇಳ್ತೀನಿ. ಕಂದು ಅಂಗಿ ಹಾಕ್ಕೊಂಡು ನಾಜಿಗಳ ಮೆರವಣಿಗೆಯಲ್ಲಿ ತಮಟೆ ಬಡೀತಿದ್ದೆ. ಚಿಕ್ಕವನು, ನಿನ್ನ ತಪ್ಪಲ್ಲ. ಆದ್ರೆ ಆಗಲೂ ನನ್ನ ಮುಂದೆ ಒಂದು ಕಾಗದ ಇಟ್ಟಿದ್ರು. ಸಹಿ ಹಾಕಿದ್ರೆ ಮನೆಗೆ ಹೋಗಬಹುದಿತ್ತು. ಒಂಬತ್ತು ವರ್ಷ ಹಾಕಲಿಲ್ಲ. ನೀನು ಎಷ್ಟು ಹೊತ್ತು ಕಾಯ್ತೀಯ ನೋಡೋಣ."

ಮುಂದಿನ ತಿಂಗಳ ಒಂದರಿಂದ ಕಂಬದ ಕೆಲಸ ನನಗಿಲ್ಲ. ಪಕ್ಷದ ಸದಸ್ಯತ್ವದ ಪುಸ್ತಕ ಕೊಟ್ಟುಬಿಡು ಎಂದರು. ಕೊಡಲಿಲ್ಲ. ಅಂಗಿಯ ಜೇಬಿನಲ್ಲಿದೆ. ಬೇಕಾದವರು ಕೈ ಹಾಕಿ ತೆಗೆದುಕೊಳ್ಳಲಿ.

ಅಪ್ಪ

*

ವೆಡ್ಡಿಂಗ್
17 ಡಿಸೆಂಬರ್ 1948

ಅಪ್ಪನಿಗೆ,

ನಿನಗೆ ಸುದ್ದಿ ತಲುಪಿರಬೇಕು. ನಿನ್ನೆ ಬೆಳಿಗ್ಗೆ ನಮ್ಮ ಭಾಗವನ್ನು ಆಳುವ ಫ್ರೆಂಚ್ ಸೈನಿಕರು ಬಂದು ನಿನ್ನ ಕಂಬದ ಬುಡಕ್ಕೆ ಮದ್ದು ಇಟ್ಟರು. ವಿಮಾನಗಳಿಗೆ ಅಡ್ಡವಾಗಿತ್ತಂತೆ. ನಮ್ಮನ್ನೆಲ್ಲ ದೂರ ಕಳಿಸಿದರು. ಸದ್ದು ಬಂದಾಗ ಕಂಬ ತಕ್ಷಣ ಬೀಳಲಿಲ್ಲ. ಯೋಚನೆ ಮಾಡುತ್ತಿರುವ ಹಾಗೆ ನಿಂತಿತ್ತು. ಆಮೇಲೆ ಒಂದು ಕಾಲು ಮಡಿಸಿ ವಾಲಿತು. ನಮ್ಮ ಹಾರ ಒಣಗಿ ಕಂದಾಗಿತ್ತು. ಅದೂ ಜೊತೆಗೆ ಬಿತ್ತು.

ಕೆಲವರು ಚಪ್ಪಾಳೆ ತಟ್ಟಿದರು. ಮಾರ್ಗೋಟ್ ತಟ್ಟಲಿಲ್ಲ. ನಾನೂ ತಟ್ಟಲಿಲ್ಲ. ನನ್ನ ಪಕ್ಕದವಳು "ಯಾಕೇ ಸಪ್ಪಗಿದೀಯ, ಗೆದ್ದಿದ್ದು ನಾವಲ್ವಾ?" ಎಂದಳು. ಏನು ಹೇಳಲಿ? ಆ ಕಂಬ ನಿನ್ನ ಮನೆಯೂ ಅಲ್ಲ, ನನ್ನ ಮನೆಯೂ ಅಲ್ಲ. ಆದರೆ ಇಷ್ಟು ತಿಂಗಳು ಅದನ್ನು ನೋಡಿದರೆ ನೀನು ಇದ್ದೀಯ ಎಂದು ಗೊತ್ತಾಗುತ್ತಿತ್ತು.

ಅಪ್ಪ, ಈ ಕಡೆ ಬಂದುಬಿಡು. ಅಲ್ಲಿ ನಿನಗೆ ಕೆಲಸವಿಲ್ಲ, ಹೆಸರು ಕೆಟ್ಟಿದೆ. ಸುಮ್ಮನೆ ಯಾರನ್ನಾದರೂ ರಾತ್ರೋರಾತ್ರಿ ಎತ್ತಿಕೊಂಡು ಹೋಗುತ್ತಾರೆ ಎಂದು ಜನ ಮಾತಾಡಿಕೊಳ್ಳುತ್ತಾರೆ. ಅತ್ತೆಯ ಕೋಣೆಯಲ್ಲಿ ಇನ್ನೊಂದು ಹಾಸಿಗೆಗೆ ಜಾಗ ಇದೆ. ದೀಪ ದಿನಕ್ಕೆ ಎರಡೇ ಗಂಟೆ, ಒಲೆಗೆ ಸೌದೆಯಿಲ್ಲ, ಊಟ ಆ ಅಂಟು. ಆದರೂ ಬಾ. ನಿನ್ನನ್ನು ಇನ್ನೊಂದು ಸಲ ಕಳೆದುಕೊಳ್ಳಲು ನನ್ನಿಂದ ಆಗದು.

ಇಲ್ಜೆ

*

ಪಾಂಕೋ
23 ಡಿಸೆಂಬರ್ 1948

ಇಲ್ಜೆಗೆ,

ಬರುವುದಿಲ್ಲ.

ನಾನು ಬಂದರೆ ಏನಾಗುತ್ತದೆ ಗೊತ್ತೇ? ಆ ಪೇಪರಿನವನು ಮತ್ತೆ ನೆಲದ ಮೇಲೆ ಮಲಗಿ ನನ್ನ ಚಿತ್ರ ತೆಗೆಯುತ್ತಾನೆ. ಕೆಂಪನೊಬ್ಬ ಬುದ್ಧಿ ಕಲಿತ ಎಂದು ಬರೆಯುತ್ತಾನೆ. ನಾನು ಕಲಿತ ಬುದ್ಧಿ ಅದಲ್ಲ. ನಾಟ್ಕೆ ಹುಟ್ಟುವ ಮುಂಚೆ ನಾನು ಕೆಂಪು ಬಾವುಟ ಹಿಡಿದವನು. ಅದು ಅವನ ಅಪ್ಪನ ಆಸ್ತಿಯಲ್ಲ. ಅವನು ಕೆಡಿಸಿದ ಎಂದು ನಾನು ಬಿಟ್ಟು ಓಡಿದರೆ ಅದು ಅವನದೇ ಆಗಿಬಿಡುತ್ತದೆ. ಇಲ್ಲೇ ಇದ್ದು ಅವನ ಕಣ್ಣಿಗೆ ಮುಳ್ಳಾಗಿ ಚುಚ್ಚುತ್ತೇನೆ.

ಈಗ ಇಟ್ಟಿಗೆಯ ಗಾರೆ ಕೆರೆಯುವ ಕೆಲಸ ಹಿಡಿದಿದ್ದೇನೆ. ಅಪ್ಪ ಮಗಳು ಒಂದೇ ಕಸುಬಿನವರಾದೆವು. ಮನೆ ಬಿಡಿಸಿದರು, ಒಂದು ಸಣ್ಣ ಕೋಣೆ ಸಿಕ್ಕಿದೆ.

ಕಂಬ ಬಿದ್ದದ್ದು ಇಲ್ಲಿಗೂ ಕೇಳಿಸಿತು. ಅದರ ಬಗ್ಗೆ ಬರೆಯುವುದಿಲ್ಲ.

ಅಪ್ಪ

*

ವೆಡ್ಡಿಂಗ್
9 ಜನವರಿ 1949

ಅಪ್ಪನಿಗೆ,

ನೀನು ಬರುವುದಿಲ್ಲ ಎಂದದ್ದಕ್ಕೆ ಮೂರು ದಿನ ಅಳುತ್ತಿದ್ದೆ. ನಾಲ್ಕನೆಯ ದಿನ ಆ ಪೇಪರಿನವನೇ ನಮ್ಮ ಮನೆಗೆ ಬಂದ. ಹಿಂದೆ ಇನ್ನೊಬ್ಬ ಒಂದು ಮೂಟೆ ಕಲ್ಲಿದ್ದಲು ಹೊತ್ತಿದ್ದ. ಹುಲ್ಡಾ ಅತ್ತೆ ಕೋಟಿನ ಮೇಲೆ ಕಂಬಳಿ ಹೊದ್ದು ಕೂತಿದ್ದಳು. ಮೂಟೆ ನೋಡಿದ ಕೂಡಲೇ "ಒಳಗೆ ಬನ್ನಿ, ಬನ್ನಿ" ಎಂದಳು.

ಅವನೂ ಒಂದು ಕಾಗದ ತಂದಿದ್ದ. ನನ್ನ ಮಾತು ಎಂದು ಅವನೇ ಬರೆದುಕೊಂಡು ಬಂದದ್ದು. ನನ್ನ ಅಪ್ಪ ರಷ್ಯನ್ನರ ಸೆರೆಯಲ್ಲಿದ್ದಾನೆ, ಕಮ್ಯುನಿಸಂ ಬಿಟ್ಟಿದ್ದಾನೆ, ಸ್ವಾತಂತ್ರ್ಯಕ್ಕಾಗಿ ಹಂಬಲಿಸುತ್ತಿದ್ದಾನೆ.

"ಒಂದು ಸಹಿ ಅಷ್ಟೇ ಮೇಡಂ. ಇಡೀ ಪ್ರಪಂಚ ಓದುತ್ತೆ. ನಿಮ್ಮ ತಂದೆಯ ಕಣ್ಣು ತೆರೆಯಿತು ಅಂತ..."

"ನನ್ನ ತಮ್ಮನ ಕಣ್ಣು ಹುಟ್ಟಿದಾಗಿಂದ ತೆರೆದೇ ಇದೆ" ಎಂದಳು ಅತ್ತೆ. "ಅದಕ್ಕೇ ಅವನು ಜೈಲಿಗೆ ಹೋದ. ಮುಚ್ಚಿಕೊಂಡಿದ್ದೋರು ಪೇಪರ್ ನಡೆಸಿದ್ರು."

"ಅಮ್ಮಾ, ನಾವು ನಿಮ್ಮ ಕಡೆಯವರು."

"ನನ್ನ ಕಡೆ ಅಂದ್ರೆ ಯಾವುದು? ಇಸ್ತ್ರಿ ಪೆಟ್ಟಿಗೆ ಕಡೆಯಾ?"

ಅವನು ನನ್ನ ಕಡೆ ತಿರುಗಿದ. ನನಗೆ ಹೊಸಬರ ಮುಂದೆ ಮಾತು ಬರುವುದಿಲ್ಲ, ನಿನಗೆ ಗೊತ್ತು. ಬಂತು. ನನ್ನ ಅಪ್ಪ ಯಾರ ಸೆರೆಯಲ್ಲೂ ಇಲ್ಲ, ಇಟ್ಟಿಗೆ ಕೆರೆಯುತ್ತಿದ್ದಾನೆ, ಇವತ್ತಿಗೂ ಕಮ್ಯುನಿಸ್ಟ್, ನನ್ನ ಜೊತೆ ಇವತ್ತಿಗೂ ಜಗಳ ಎಂದೆ. ನಾನು ಆ ಕಡೆಯ ಕಾರ್ಡು ಮುಟ್ಟಿಲ್ಲ, ಮುಟ್ಟುವುದೂ ಇಲ್ಲ, ಅದನ್ನು ಬೇಕಾದರೆ ಬರೆದುಕೊಳ್ಳಿ ಎಂದೆ. ಅಪ್ಪನನ್ನು ಮಾರಿ ಒಲೆ ಹಚ್ಚುವಷ್ಟು ಚಳಿ ನಮಗಾಗಿಲ್ಲ ಎಂದೆ.

ಅವರು ಮೂಟೆ ಹೊತ್ತು ಮೆಟ್ಟಿಲಿಳಿದರು. ಅತ್ತೆ ಬಾಗಿಲಲ್ಲಿ ನಿಂತು ಆ ಮೂಟೆಯನ್ನೇ ನೋಡುತ್ತಿದ್ದಳು. "ಅಷ್ಟು ಉದ್ದ ಮಾತಾಡೋ ಬದಲು ಮೊದ್ಲು ನಾಲ್ಕು ಚೂರು ಇಳಿಸಿಕೊಂಡು ಆಮೇಲೆ ಬೈಬಹುದಿತ್ತಲ್ಲೇ" ಎಂದಳು.

ಇಲ್ಜೆ

*

ಪಾಂಕೋ
13 ಜನವರಿ 1949

ನನ್ನ ಮಗಳು ಇಲ್ಜೆಗೆ,

ನಿನ್ನ ಕಾಗದವನ್ನು ಇಟ್ಟಿಗೆ ರಾಶಿಯ ಮೇಲೆ ಕೂತು ಎರಡು ಸಲ ಓದಿದೆ. ಜೊತೆಯವರು ಏನು ಎಂದು ಕೇಳಿದರು. "ನನ್ನ ಮಗಳು ಅಮೆರಿಕವನ್ನು ಮೆಟ್ಟಿಲಿಳಿಸಿದಳು" ಎಂದೆ. "ಹಾಗಾದ್ರೆ ನಮ್ಮ ಕಡೆ ಬಂದಳಾ?" ಎಂದರು. "ಅವಳ ಅಪ್ಪನ ಕಡೆಗೇ ಬಂದಿಲ್ಲ, ನಿಮ್ಮ ಕಡೆ ಎಲ್ಲಿಂದ ಬರ್ತಾಳೆ?" ಎಂದೆ.

ಭಾನುವಾರ ಬಾ. ಕೈಯಲ್ಲಿ ಏನೂ ತರಬೇಡ. ನಿನ್ನ ಸಕ್ಕರೆಯ ವಿಮಾನಗಳ ಬಗ್ಗೆ ನನಗೆ ಹೇಳುವುದು ಇನ್ನೂ ಬೆಟ್ಟದಷ್ಟಿದೆ. ನನ್ನವರ ಬಗ್ಗೆ ನಿನಗೂ ಇದೆ, ಅದನ್ನು ನಾನು ಕೇಳಿಸಿಕೊಳ್ಳಬೇಕು. ಮಾಸ್ಕೋದವರೂ ವಾಷಿಂಗ್ಟನ್ನಿನವರೂ ತಮ್ಮ ಜಗಳ ತಾವು ಆಡಿಕೊಳ್ಳಲಿ. ಇದು ಪಾಶ್ಕೆ ಮನೆಯ ಜಗಳ, ಇದಕ್ಕೆ ಹೊರಗಿನವರ ಸಹಿ ಬೇಕಾಗಿಲ್ಲ.

ಹುಲ್ಡಾಳನ್ನು ತಪ್ಪದೆ ಕರೆದುಕೊಂಡು ಬಾ. ಕೋಣೆಯಲ್ಲಿ ಒಂದೇ ಕುರ್ಚಿ ಇದೆ. ಅದರಲ್ಲಿ ಅವಳು ಕೂರಲಿ. ನಾವಿಬ್ಬರೂ ನಿಂತೇ ಜಗಳವಾಡೋಣ.

ಅಪ್ಪ